ಬಿಡುವುದಕ್ಕೂ ಒಂದು ಕ್ರಮ

ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ 42 ಅಡಿಯ ಬಾಹುಬಲಿ ಎಲ್ಲವನ್ನೂ ಬಿಟ್ಟವನು. ಆದರೆ ಬಿಡುವುದಕ್ಕೂ ಜೈನಧರ್ಮದಲ್ಲಿ ಕ್ರಮವುಂಟು. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ: ಮಲಮೂತ್ರವನ್ನೂ ಜೀವಜಂತುಗಳಿಲ್ಲದ ನೆಲ ನೋಡಿಯೇ ವಿಸರ್ಜಿಸಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಪುಣ್ಯ ಈ ಊರಿಗೆ ಚೆನ್ನಾಗಿ ಗೊತ್ತು. ಉಳಿದ ಔಷಧವನ್ನು ಎಸೆಯುವುದರಲ್ಲಿ ಪಾಪವಿದೆಯೇ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಏಳುತ್ತದೆ.

ಕಾಪುವಿನಲ್ಲೋ ಉಡುಪಿಯಲ್ಲೋ ಹಿರಿಯರೊಬ್ಬರು ತೀರಿಕೊಂಡ ಮನೆಯನ್ನು ನೆನೆಯಿರಿ. ಉತ್ತರಕ್ರಿಯೆ ಮುಗಿದ ಮೇಲೆ ಬಟ್ಟೆಬರೆ ಯಾರಿಗೆ, ಹಾಸಿಗೆ ಎಲ್ಲಿಗೆ ಎಂಬುದಕ್ಕೆಲ್ಲ ಪದ್ಧತಿಯಿದೆ. ಮಣಿಪಾಲದ ಆಸ್ಪತ್ರೆಯಿಂದ ತಂದ ಮಾತ್ರೆಗಳ ಚೀಲಕ್ಕೆ ಇಲ್ಲ. ಅದು ಕಸದ ಬುಟ್ಟಿಗೆ, ಬಚ್ಚಲ ಒಲೆಗೆ, ಇಲ್ಲವೇ ತೆಂಗಿನ ಬುಡಕ್ಕೆ. ಕರಾವಳಿಯದು ಮುರಕಲ್ಲಿನ ನೆಲ, ತೂತುತೂತು. ಮಳೆಗಾಲದಲ್ಲಿ ಮೇಲೆ ಬಿದ್ದದ್ದು ಬೇಗ ಕೆಳಗಿಳಿಯುತ್ತದೆ. ಪಾಯಿಖಾನೆ ಗುಂಡಿಯೂ ಕುಡಿಯುವ ನೀರಿನ ಬಾವಿಯೂ ಅದೇ ಹಿತ್ತಲಲ್ಲಿ.

ಎಸೆದವರಿಗೆ ಯಾರನ್ನೂ ನೋಯಿಸುವ ಮನಸ್ಸಿಲ್ಲ, ನಿಜ. ಆದರೆ ಉಮಾಸ್ವಾಮಿಯ ಜೈನಗ್ರಂಥ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಹುಡುಕಿದ್ದು ಪ್ರಮಾದದಲ್ಲಿ, ಎಚ್ಚರ ತಪ್ಪಿದ ನಡೆಯಲ್ಲಿ.

ನೋಯಿಸುವ ಮನಸ್ಸಿಲ್ಲದೆಯೂ ಹಿಂಸೆಯಾಗುತ್ತದೆ ಎಂಬುದಕ್ಕೆ ರಣಹದ್ದಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ನೋವಿನಿಂದ ನರಳುವ ದನಕ್ಕೆ ಜನ ಕರುಣೆಯಿಂದಲೇ ಡೈಕ್ಲೋಫೆನಾಕ್ ಕೊಡಿಸಿದರು. ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟಿತು. ದೇಶದ ರಣಹದ್ದುಗಳಲ್ಲಿ ಬಹುಪಾಲು ಅಳಿದವು. ಕಾರಣ ತಿಳಿದದ್ದು 2004ರಲ್ಲಿ, ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಂದದ್ದು 2006ರಲ್ಲಿ. ತಿಳಿಯುವ ಮೊದಲು ಕೊಡಿಸಿದವರದು ಅಜ್ಞಾನ. ತಿಳಿದೂ ಕೊಡಿಸಿದವರದು?

ಮಾತ್ರೆಯ ಚೀಲದ ವಿಷಯದಲ್ಲಿಯೂ ಗೊತ್ತಿರಲಿಲ್ಲ ಎನ್ನುವ ಕಾಲ ಮುಗಿಯುತ್ತ ಬಂದಿದೆ. 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧವನ್ನು ಮನೆಯ ಅಪಾಯಕಾರಿ ಕಸವೆಂದು ಕರೆದವು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ, ಬೇರೆಯವರ ಕೈಗೆ ಸಿಕ್ಕರೆ ಪ್ರಾಣಕ್ಕೇ ಕುತ್ತಾಗಬಲ್ಲ 17 ಔಷಧಗಳನ್ನು ಫ್ಲಶ್ ಮಾಡಬಹುದು, ಉಳಿದವನ್ನು ಸಂಗ್ರಹ ಕೇಂದ್ರಕ್ಕೆ ಮರಳಿಸಬೇಕು ಎಂದಿತು.

ಆದರೆ ಮರಳಿಸುವುದು ಎಲ್ಲಿಗೆ? ಮುನಿಯ ವ್ರತಕ್ಕೂ ಶುದ್ಧವಾದ ಒಂದು ತುಂಡು ನೆಲ ಬೇಕು. ಗೃಹಸ್ಥನ ಎಚ್ಚರಕ್ಕೆ ಮೆಡಿಕಲ್ ಶಾಪಿನಲ್ಲೊಂದು ಪೆಟ್ಟಿಗೆ ಬೇಕು. ಪಕ್ಕದ ಕೇರಳ 2025ರಲ್ಲಿ ಕೋಝಿಕ್ಕೋಡ್‌ನಿಂದ ಎನ್‌ಪ್ರೌಡ್ ಯೋಜನೆ ಆರಂಭಿಸಿ ಮನೆಗಳ ಹಳೆಯ ಔಷಧ ಸಂಗ್ರಹಕ್ಕೆ ಇಳಿಯಿತು. ಉಡುಪಿ ಜಿಲ್ಲೆಗೆ ಇದು ಹೊರಲಾಗದ ಭಾರವೇನಲ್ಲ. ಒಣಕಸ ವಿಂಗಡಿಸುವ ಘಟಕ ಕಾರ್ಕಳ ತಾಲೂಕಿನ ನಿಟ್ಟೆಯಲ್ಲೇ ಇದೆ. ಕಸದ ಗಾಡಿ ಹತ್ತಿದ ಮಾತ್ರೆಯ ಪಟ್ಟಿಯೊಂದು, ಅರ್ಧ ಖಾಲಿ, ಅರ್ಧ ತುಂಬಿದ್ದು, ಅಂಥ ಘಟಕದ ವಿಂಗಡಣೆಯ ಮೇಜಿನ ಮೇಲೆ ಮತ್ತೆ ಯಾರದೋ ಬೆರಳಿಗೆ ಸಿಗುತ್ತದೆ.