ಸಾವಿಲ್ಲದವನ ಮುಖ

ಪೆರಿ ರೋಡಾನನ ಮೂಗಿನ ಪಕ್ಕದಲ್ಲಿ ಒಂದು ಸಣ್ಣ ಗಾಯದ ಕಲೆಯಿದೆ. ಮನಸ್ಸು ಕುದಿದಾಗ ಅದು ಬೆಳ್ಳಗಾಗುತ್ತದೆ. ಈ ಕಥಾನಾಯಕನಿಗೆ ಮುಪ್ಪಿಲ್ಲ, ರೋಗವಿಲ್ಲ. ಎದೆಯ ಮೇಲೆ ತೂಗುವ ಮೊಟ್ಟೆಯಾಕಾರದ ಯಂತ್ರವೊಂದು ಅವನ ಜೀವಕೋಶಗಳನ್ನು ಸದಾ ಹೊಸದಾಗಿಡುತ್ತದೆ. ಅದನ್ನು ಕಳಚಿದರೆ 62 ಗಂಟೆಯೊಳಗೆ ಸಾವು. ಹೀಗೆ ದೇಹವೆಲ್ಲ ಹೊಸತಾಗುತ್ತಲೇ ಇದ್ದರೂ ಆ ಕಲೆ ಮಾತ್ರ ಉಳಿದುಕೊಂಡಿದೆ. ಗಾಯ ಮಾಯ್ದರೂ ಗುರುತು ಮಾಯಲಿಲ್ಲ. ಸಾವಿರಾರು ವರ್ಷ ಬದುಕಿದವನ ಮೈಮೇಲೆ, ಇವನೂ ಒಂದು ಕಾಲಕ್ಕೆ ನಮ್ಮಂತೆಯೇ ಇದ್ದವನು ಎಂದು ಹೇಳುವುದಕ್ಕೆ ಅಷ್ಟಾದರೂ ಬೇಕಿತ್ತೇನೋ.

ಈ ಕಥೆ ಶುರುವಾದದ್ದು ಪಶ್ಚಿಮ ಜರ್ಮನಿಯಲ್ಲಿ, 1961ರ ಸೆಪ್ಟೆಂಬರ್ 8ರಂದು. ಆ ವರ್ಷದ ಏಪ್ರಿಲ್‌ನಲ್ಲಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದಿದ್ದ. ಆಗಸ್ಟ್ 13ರಂದು ಬರ್ಲಿನ್‌ನ ನಡುವೆ ಮುಳ್ಳುತಂತಿ ಎದ್ದಿತ್ತು, ಅದರ ಬೆನ್ನಿಗೇ ಗೋಡೆ. ಗೋಡೆ ಇನ್ನೂ ಹಸಿಯಾಗಿರುವಾಗಲೇ ಮ್ಯೂನಿಕ್‌ನ ಮೋವಿಗ್ ಪ್ರಕಾಶನದಿಂದ ಅಗ್ಗದ ಕಾಗದದ ಒಂದು ತೆಳು ಪುಸ್ತಿಕೆ ಪತ್ರಿಕೆ ಅಂಗಡಿಗಳಿಗೆ ಬಂತು. ಬೆಲೆ 70 ಫೆನಿಗ್. ಬರೆದವನು ಕೆ. ಎಚ್. ಶೇರ್. ಅವನ ಜೊತೆಗಾರ ವಾಲ್ಟರ್ ಅರ್ನ್‌ಸ್ಟಿಂಗ್, ಓದುಗರಿಗೆ ಮಾತ್ರ ಕ್ಲಾರ್ಕ್ ಡಾರ್ಲ್ಟನ್. ಇಂಗ್ಲಿಷ್‌ನಿಂದ ಅನುವಾದವಾದದ್ದಲ್ಲದಿದ್ದರೆ ವೈಜ್ಞಾನಿಕ ಕಥೆಯನ್ನು ಜರ್ಮನ್ ಪ್ರಕಾಶಕರು ಬಹುಮಟ್ಟಿಗೆ ಮುಟ್ಟದಿದ್ದ ಕಾಲದಲ್ಲಿ, ತನ್ನದೇ ಕಾದಂಬರಿಗೆ ತಾನೇ ಅನುವಾದಕನೆಂದು ಹೇಳಿಕೊಂಡು ಅವನು ಆ ಹೆಸರು ಕಟ್ಟಿಕೊಂಡಿದ್ದ. ಹತ್ತಾರು ಸಂಚಿಕೆ ನಡೆದರೆ ಸಾಕೆಂದು ಹೊರಟ ಮಾಲೆ ವಾರಕ್ಕೊಂದರಂತೆ ನಡೆದು 2019ರ ಫೆಬ್ರವರಿಯಲ್ಲಿ 3000ನೆಯ ಸಂಚಿಕೆಯನ್ನು ಮುಟ್ಟಿತು. ಆಮೇಲೂ ನಿಲ್ಲಲಿಲ್ಲ.

ರೋಡಾನ್ ಅಮೆರಿಕದ ಮೇಜರ್. ಕಥೆಯ ಪ್ರಕಾರ 1971ರಲ್ಲಿ ಚಂದ್ರನ ಮೇಲೆ ಇಳಿಯುತ್ತಾನೆ. ಅಲ್ಲಿ ಆರ್ಕಾನ್ ಎಂಬ ದೂರದ ಲೋಕದವರ ಕೆಟ್ಟು ನಿಂತ ಹಡಗು ಸಿಗುತ್ತದೆ, ಅದರಲ್ಲಿ ಕ್ರೆಸ್ಟ್ ಎಂಬ ರೋಗಪೀಡಿತ ವಿಜ್ಞಾನಿ, ಥೋರಾ ಎಂಬ ನಾಯಕಿ. ಅವರ ವಿದ್ಯೆ ಯಾವುದೇ ಒಂದು ದೇಶದ ಕೈಸೇರಿದರೂ ಭೂಮಿಗೆ ಉಳಿಗಾಲವಿಲ್ಲ ಎಂದು ಅವನಿಗೆ ಹೊಳೆಯುತ್ತದೆ. ಹಿಂತಿರುಗುವಾಗ ತನ್ನ ದೇಶಕ್ಕೆ ಹೋಗದೆ ಗೋಬಿ ಮರುಭೂಮಿಯಲ್ಲಿ ಇಳಿಯುತ್ತಾನೆ. ಈ ಮಾಲೆಯ ಅತಿ ದೊಡ್ಡ ಘಟನೆ ಇದೇ ಎಂದು ನನಗೆ ಅನ್ನಿಸುತ್ತದೆ. ಮುಂದೆ ನಡೆಯುವ ನಕ್ಷತ್ರಯುದ್ಧಗಳಲ್ಲಿ ಯಾವುದೂ ಇದರ ಸಮಕ್ಕೆ ಬರುವುದಿಲ್ಲ. ನಡುಮನೆಗೆ ಗೋಡೆ ಎದ್ದ ನಾಡಿನ ಇಬ್ಬರು ಲೇಖಕರು, ತಮ್ಮ ನಾಯಕನನ್ನು ಯಾರ ಅಂಗಳದಲ್ಲೂ ಇಳಿಸದೆ ಮರಳುಗಾಡಿನಲ್ಲಿ ಇಳಿಸಿದರು.

ಸಾವಿಲ್ಲದ ಬದುಕನ್ನು ಅವನಿಗೆ ಕೊಡುವ ಶಕ್ತಿಗೆ ಜರ್ಮನ್ನಿನಲ್ಲಿ ಇಟ್ಟ ಹೆಸರು ಒಂದೇ ಒಂದು ಸರ್ವನಾಮ. ಕನ್ನಡದಲ್ಲಿ ಹೇಳುವುದಾದರೆ, ‘ಅದು’. ನಮ್ಮ ಕಿವಿಗೆ ಈ ಹೆಸರು ಅಪರಿಚಿತವಲ್ಲ. ಹೇಳಲಾಗದ್ದನ್ನು ‘ತತ್’ ಎಂದಷ್ಟೇ ಕರೆದು ಸುಮ್ಮನಾದ ಪರಂಪರೆಯ ಪಕ್ಕದಲ್ಲೇ ನಾವು ಬೆಳೆದವರು. ಸಾವಿಲ್ಲದವರೂ ನಮಗೆ ಹೊಸಬರಲ್ಲ. ಹದಿನಾರರಲ್ಲೇ ನಿಂತುಬಿಟ್ಟ ಮಾರ್ಕಂಡೇಯನಿಗೆ ಅದು ವರ, ಹಣೆಯ ಮಣಿ ಕಿತ್ತ ಗಾಯ ಹೊತ್ತು ಅಲೆಯುವ ಅಶ್ವತ್ಥಾಮನಿಗೆ ಶಾಪ. ರೋಡಾನ್ ಇವರಿಬ್ಬರ ನಡುವೆ ಎಲ್ಲೋ ನಿಂತಿದ್ದಾನೆ. ಅವನು ಮದುವೆಯಾದ ಥೋರಾಳಿಗೆ ‘ಅದು’ ಆ ವರವನ್ನು ನಿರಾಕರಿಸಿತು. ಅವಳು ಸತ್ತಳು, ಇವನು ಉಳಿದ. ಮಗ ಥಾಮಸ್ ಕಾರ್ಡಿಫ್ ತಂದೆಯನ್ನು ದ್ವೇಷಿಸಿ, ತಂದೆಯ ರೂಪವನ್ನೇ ಧರಿಸಿ, ತಂದೆಗೆಂದು ಮಾಡಿದ ಯಂತ್ರವನ್ನು ಎದೆಗೆ ಹಾಕಿಕೊಂಡ. ಇನ್ನೊಬ್ಬನ ಅಳತೆಗೆ ಮಾಡಿದ ಅಮರತ್ವ ಅವನ ಜೀವಕೋಶಗಳನ್ನು ಅಂಕೆಯಿಲ್ಲದೆ ಬೆಳೆಸಿ ಕೊಂದೇ ಹಾಕಿತು. ಅಗ್ಗದ ಕಾಗದದಲ್ಲಿ ಅಚ್ಚಾದ ಕಥೆಯಲ್ಲಿ ಇಂಥದ್ದು ಎದುರಾದಾಗ ನಾನು ಪುಟ ಮಡಿಸಿಟ್ಟು ಸುಮ್ಮನೆ ಕೂತಿದ್ದೇನೆ.

ಇನ್ನು ಮುಖಪುಟಗಳಲ್ಲಿ ಈ ಮುಖವನ್ನು ಬರೆದ ಚಿತ್ರಕಾರನ ಮಾತು. ಯೋಹ್ನಿ ಬ್ರುಕ್ ಎಂದು ಜರ್ಮನರು ಕರೆಯುತ್ತಿದ್ದರೋ ಜಾನಿ ಬ್ರುಕ್ ಎಂದೋ, ಮುಖಪುಟದ ಮೂಲೆಯ ಸಹಿ ಮಾತ್ರ ಲಕ್ಷಾಂತರ ಓದುಗರಿಗೆ ಗೊತ್ತಿತ್ತು. 1921ರಲ್ಲಿ ಹಾಲೆ ನಗರದಲ್ಲಿ ಹುಟ್ಟಿದವನು. ಮೊದಲ ಸಂಚಿಕೆಗೆ ಚಿತ್ರ ಬರೆದಾಗ ಅವನಿಗೆ 40 ವರ್ಷ. ಅಲ್ಲಿಂದ 34 ವರ್ಷ, ಬೆರಳೆಣಿಕೆಯ ವಾರಗಳನ್ನು ಬಿಟ್ಟರೆ, ಎಲ್ಲ ಮುಖಪುಟಗಳೂ ಅವನವೇ. ಲೆಕ್ಕ ಹಾಕಿದರೆ ಹತ್ತಿರಹತ್ತಿರ 1800. ಕಥೆ ಬರೆಯುವವರಲ್ಲಿ ಹಾಗಿರಲಿಲ್ಲ. ಮುಂದಿನ ಕಥೆಯ ಸಾರಾಂಶವನ್ನು ಒಬ್ಬ ಸಿದ್ಧಪಡಿಸಿ ಹಂಚುತ್ತಿದ್ದ, ಗುಂಪಿನ ಲೇಖಕರು ಸರದಿಯಂತೆ ಒಂದೊಂದು ವಾರದ ಭಾಗವನ್ನು ಬರೆಯುತ್ತಿದ್ದರು. ಧ್ವನಿ ವಾರವಾರವೂ ಬದಲಾಗುತ್ತಿತ್ತು. ಅಂಗಡಿಯ ಹಗ್ಗಕ್ಕೆ ನೇತುಬಿದ್ದ ಪುಸ್ತಿಕೆಯನ್ನು ದೂರದಿಂದ ಕಂಡಾಗ ಇದು ನಮ್ಮದೇ ಎನ್ನಿಸುತ್ತಿದ್ದುದು ಬ್ರುಕ್‌ನ ಬಣ್ಣದಿಂದ.

ಅವನಿಗೆ ಸಿಕ್ಕ ವಸ್ತು ಸುಲಭದ್ದಲ್ಲ. ಈ ಮಾಲೆಯ ಹಡಗುಗಳು ಚೂಪು ಮೂತಿಯ ರಾಕೆಟ್ಟುಗಳಲ್ಲ, ಗುಂಡು ಗೋಳಗಳು. ಸೊಂಟದ ಸುತ್ತ ಒಂದು ಉಬ್ಬು ಬಳೆ, ಇಳಿಯುವಾಗ ಕೆಳಗೆ ಚಾಚಿಕೊಳ್ಳುವ ಕಾಲುಗಳು. ದೊಡ್ಡವುಗಳ ಅಡ್ಡಳತೆ 1500 ಮೀಟರ್, ಮುಂದೆ 2500 ಮೀಟರ್. ಅಂಗೈಯಗಲದ ಕಾಗದದಲ್ಲಿ ಬೆಟ್ಟದಷ್ಟು ದೊಡ್ಡ ಗೋಳವನ್ನು ತೋರಿಸುವುದು ಹೇಗೆ? ಚೌಕಟ್ಟಿನೊಳಗೆ ಗೋಳ ಪೂರ್ತಿ ಹಿಡಿಸದಂತೆ ಅಂಚಿನಲ್ಲಿ ಕತ್ತರಿಸಬೇಕು, ಬುಡದಲ್ಲಿ ಇರುವೆಯಂಥ ಒಬ್ಬ ಮನುಷ್ಯನನ್ನು ನಿಲ್ಲಿಸಬೇಕು. ಗೋಳಕ್ಕೆ ಇನ್ನೊಂದು ಗುಣವಿದೆ. ಅದಕ್ಕೆ ಮುಂದು ಹಿಂದು ಇಲ್ಲ, ಎಲ್ಲಿಗೆ ಹೊರಟಿದೆ ಎಂದು ಹೇಳಲಾಗದು. ಪಕ್ಕದಲ್ಲಿ ತೇಲುವ ಗ್ರಹಕ್ಕೂ ಅದಕ್ಕೂ ಆಕಾರದಲ್ಲಿ ಭೇದವಿಲ್ಲ. ಬ್ರಹ್ಮಾಂಡ ಎನ್ನುವಾಗ ನಾವು ಜಗತ್ತನ್ನು ಮೊಟ್ಟೆಯೆಂದೇ ಕರೆಯುತ್ತೇವೆ, ಬಹಳ ಬಾರಿ ಗಮನವಿಲ್ಲದೆ. ಈ ಮುಖಪುಟಗಳ ಎದುರು ಆ ಹಳೆಯ ಪದ ನನಗೆ ಮತ್ತೆ ಕೇಳಿಸಿತು. ಮನುಷ್ಯರು ಒಂದು ಸಣ್ಣ ಅಂಡದೊಳಗೆ ಕೂತು ದೊಡ್ಡ ಅಂಡದೊಳಗೆ ಅಲೆಯುತ್ತಿದ್ದಾರೆ.

ಒಳಗಿನ ಕಥೆ ಓಡುತ್ತದೆ. 1969ರಲ್ಲಿ ನಿಜದ ಮನುಷ್ಯರು ಚಂದ್ರನ ಮೇಲೆ ಇಳಿದು, ಕಥೆ ಹೇಳಿದ 1971 ಬರುವ ಹೊತ್ತಿಗೆ ಸಂಚಿಕೆಗಳು ಕ್ರಿಸ್ತಶಕ 3400ರಾಚೆ ಹೋಗಿಬಿಟ್ಟಿದ್ದವು. ಮುಖಪುಟ ಮಾತ್ರ ಓಡುವುದಿಲ್ಲ. ಬಾಗಿಲು ಅರ್ಧ ತೆರೆದಿದೆ, ಕೈ ಆಯುಧದತ್ತ ಚಾಚಿದೆ, ಹಡಗು ನೆಲ ಮುಟ್ಟುವುದರಲ್ಲಿದೆ. ಎಂದಿಗೂ ಮುಟ್ಟುವುದಿಲ್ಲ. ಸಾವಿಲ್ಲದಿರುವುದರಲ್ಲಿ ಎರಡು ಬಗೆಯಿದೆಯೆಂದು ನಾನು ಕಂಡುಕೊಂಡದ್ದು ಹೀಗೆ. ಪುಟಗಳೊಳಗಿನ ರೋಡಾನನದು ಮುಗಿಯದ ಕಾಲ. ಅಲ್ಲಿ ದಣಿವಿದೆ, ಒಬ್ಬೊಬ್ಬರನ್ನೇ ಕಳೆದುಕೊಳ್ಳುವುದಿದೆ. ಹೊರಗಿನ ರೋಡಾನನದು ಕಾಲ ಕಾಲಿಡದ ಒಂದು ಕ್ಷಣ, ಅಲ್ಲಿ ಥೋರಾ ಇನ್ನೂ ಬದುಕಿದ್ದಾಳೆ. ಹಳೆಯ ಸಂಚಿಕೆಗಳ ಒಳಕಾಗದ ಹಳದಿಯಾಗಿ ಪುಡಿಯಾಗುತ್ತಿದ್ದರೂ ಜನ ಜೋಪಾನವಾಗಿ ಎತ್ತಿಟ್ಟುಕೊಂಡದ್ದು ಈ ಕ್ಷಣಕ್ಕಾಗಿಯೂ ಇರಬೇಕು.

ಆ ಕ್ಷಣಗಳನ್ನು ಮಾಡಿಕೊಟ್ಟವನಿಗೆ ಮಾತ್ರ ಎರಡೂ ಇರಲಿಲ್ಲ. ರೋಡಾನ್‌ಗೆ ನಲವತ್ತರ ಆಸುಪಾಸಿನ ಮುಖ, ಅದು ಅಲ್ಲೇ ನಿಂತಿತು. ಮೊದಲು ಕುಂಚ ಹಿಡಿದಾಗ ಬ್ರುಕ್ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಮುಂದೆ ಅವನಿಗೆ ಐವತ್ತಾಯಿತು, ಅರವತ್ತಾಯಿತು, ಎಪ್ಪತ್ತು ದಾಟಿತು. ಮೇಜಿನ ಮೇಲಿನ ಮುಖಕ್ಕೆ ಒಂದು ಸುಕ್ಕನ್ನೂ ಸೇರಿಸುವಂತಿರಲಿಲ್ಲ. ನಮ್ಮ ಊರುಗಳಲ್ಲಿ ದೇವರ ಮೂರ್ತಿಗೆ ವರ್ಷವರ್ಷವೂ ಬಣ್ಣ ಬಳಿಯುವ ಮುದುಕರ ನೆನಪಾಗುತ್ತದೆ. ದೇವರಿಗೆ ಯಾವಾಗಲೂ ಅದೇ ಯೌವನ, ಕೈ ಮಾತ್ರ ನಡುಗತೊಡಗಿರುತ್ತದೆ.

ಇಂಥ ಪುಸ್ತಿಕೆಗಳನ್ನು ಜರ್ಮನಿಯ ಶಾಲೆ, ಮನೆಗಳಲ್ಲಿ ಕಸವೆಂದೇ ಎಣಿಸುತ್ತಿದ್ದರು. ಎಳೆಯರ ಮನಸ್ಸು ಕೆಡಿಸುವ ಬರವಣಿಗೆಯ ವಿರುದ್ಧ ಅಲ್ಲಿ 1953ರಲ್ಲೇ ಕಾನೂನು ಬಂದಿತ್ತು. ಶೇರ್‌ನ ಕಥೆಗಳಲ್ಲಿ ಯುದ್ಧದ ಗದ್ದಲ ಹೆಚ್ಚೆಂಬ ಆಕ್ಷೇಪದಲ್ಲಿ ನಿಜವೂ ಇದೆ. ಆದರೆ ಅದೇ ಮಾಲೆಯಲ್ಲಿ ಅರ್ನ್‌ಸ್ಟಿಂಗ್, ಯುದ್ಧಖೈದಿಯಾಗಿ ಸೋವಿಯತ್ ಶಿಬಿರದಲ್ಲಿ ವರ್ಷಗಟ್ಟಲೆ ಕಳೆದು ಬಂದವನು, ಗುಕಿ ಎಂಬ ಒಂಟಿಹಲ್ಲಿನ, ಇಲಿಯ ಕಿವಿಯ, ಬೀವರ್ ಬಾಲದ ಪುಟ್ಟ ಜೀವಿಯನ್ನು ಸೃಷ್ಟಿಸಿದ. ಬ್ರುಕ್ ಅದನ್ನು ಮನುಷ್ಯರ ಸಾಲಿನಲ್ಲೇ ನಿಲ್ಲಿಸಿ ಬರೆದ, ಅದೇ ಗೌರವದಿಂದ, ಅದೇ ಬೆಳಕು ಕೊಟ್ಟು. ಅದನ್ನು ನೋಡಿ ಬೆಳೆದ ಮಕ್ಕಳ ಮನಸ್ಸು ಕೆಟ್ಟಿತೆಂದು ನಾನು ನಂಬಲಾರೆ.

ಮುಖ ಬೇರೆ ಕೈಗಳಿಗೂ ಹೋಯಿತು. 1969ರಿಂದ ಅಮೆರಿಕದಲ್ಲಿ ವೆಂಡೇನ್ ಅಕರ್‌ಮನ್ ಇಂಗ್ಲಿಷಿಗೆ ತಂದಾಗ, ಅಲ್ಲಿನ ಮುಖಪುಟಗಳಲ್ಲಿ ಗ್ರೇ ಮಾರೊ ಬೇರೊಬ್ಬ ರೋಡಾನನನ್ನು ಬರೆದ. ಕಥೆಯ ಎಳೆಯೂ ಕೈ ಬದಲಿಸಿತು. ಓದುಗನಾಗಿ ಬಂದು, ಆಮೇಲೆ ಲೇಖಕನಾಗಿ, ಕೊನೆಗೆ ಇಡೀ ಮಾಲೆಯ ಸೂತ್ರವನ್ನೇ ಹಿಡಿದ ವಿಲಿಯಂ ಫೋಲ್ಟ್ಸ್ 1984ರಲ್ಲಿ ತೀರಿಕೊಂಡ. ಅವನು ಬಿಟ್ಟುಹೋದ ಯೋಜನೆಗಳನ್ನು ಗೆಳೆಯರು ಮುಂದುವರಿಸಿದರು. 1991ರಲ್ಲಿ ಶೇರ್ ಹೋದ.

1995ರ ಅಕ್ಟೋಬರ್‌ನಲ್ಲಿ, ರಸ್ತೆ ಅಪಘಾತದ ಬೆನ್ನಿಗೆ, ಬ್ರುಕ್ ತೀರಿಕೊಂಡ. ವಾರದ ಕೆಲಸ ಯಾವಾಗಲೂ ಕೆಲವು ವಾರ ಮುಂದಾಗಿಯೇ ನಡೆಯಬೇಕು. ಹಾಗಾಗಿ ಅವನಿಲ್ಲದ ಮೇಲೂ ಅವನ ಹೊಸ ಮುಖಪುಟಗಳು ಅಂಗಡಿಗೆ ಬರುತ್ತಿದ್ದವು. ಸುದ್ದಿ ತಿಳಿಯದ ಹುಡುಗರು ಎಂದಿನಂತೆ ಕೊಂಡು, ಎಂದಿನಂತೆ ಮೊದಲು ಚಿತ್ರವನ್ನೇ ನೋಡಿರಬೇಕು. ಆ ದಾಸ್ತಾನು ಮುಗಿದ ಬಳಿಕ ಸ್ವೆನ್ ಪಾಪೆನ್‌ಬ್ರೋಕ್, ರಾಲ್ಫ್ ಫೋಲ್ಟ್ಸ್, ಆಲ್ಫ್ರೆಡ್ ಕೆಲ್ಸ್‌ನರ್ ಮೊದಲಾದವರು ಸರದಿಯಲ್ಲಿ ಕೂತರು. ಒಬ್ಬ ಮಾಡುತ್ತಿದ್ದುದನ್ನು ಈಗ ಹಲವರು ಹಂಚಿಕೊಂಡರು. ಅವರ ಗೋಳಗಳ ಹೊಳಪು ಬೇರೆ, ಆಕಾಶದ ನೀಲಿ ಬೇರೆ. ಆ ಮುಖವನ್ನು ಬರೆಯಬೇಕಾಗಿ ಬಂದವರೆಲ್ಲ ಎಂದೋ ಒಂದು ದಿನ ದೊಡ್ಡ ಕುಂಚವನ್ನು ಬದಿಗಿಟ್ಟು, ಸಣ್ಣದನ್ನು ಎತ್ತಿಕೊಂಡು, ಮೂಗಿನ ಪಕ್ಕದ ಆ ಕಲೆಯ ಬಳಿ ಒಂದು ಗಳಿಗೆ ನಿಂತಿರಬೇಕು.