ಇರುವ ದೋಟಿ, ಹೊಸ ದೋಟಿ

ಪರಿಗ್ರಹಪರಿಮಾಣವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ದೊಡ್ಡ ಆಸ್ತಿಗಳ ವಿಷಯದಲ್ಲಿ ಸಂದೇಹವುಂಟಾಗುವುದು ವಿರಳ. ಭೂಮಿ ಇಷ್ಟು, ಬಂಗಾರ ಇಷ್ಟು ಎಂದು ಮಿತಿಯನ್ನು ಹಾಕಿಕೊಂಡ ಮೇಲೆ ಅದನ್ನು ಮೀರಿದುದು ಕಣ್ಣಿಗೆ ಕಾಣುತ್ತದೆ. ಸಂದೇಹವೇಳುವುದು ನಿತ್ಯದ ಸಾಧನಗಳ ವಿಷಯದಲ್ಲಿ. ಇರುವ ವಸ್ತು ಇನ್ನೂ ಕೆಲಸಕ್ಕೆ ಬರುತ್ತಿದೆ. ಅದಕ್ಕಿಂತ ಉತ್ತಮವಾದುದು ಪೇಟೆಗೆ ಬಂದಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಂಡರೆ ಸಂಖ್ಯೆ ಹೆಚ್ಚುವುದಿಲ್ಲ, ವ್ರತವೂ ಮುರಿಯುವುದಿಲ್ಲ. ಹಾಗಾದರೆ ಕೊಳ್ಳುವುದರಲ್ಲಿ ದೋಷವೇನು? ಕೊಳ್ಳದಿರುವುದರಲ್ಲಿ ಗುಣವೇನು?

ಹಿಂದೆ ಪುತ್ತೂರು ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿರುವ ರಾಮಕುಂಜದ ಸುತ್ತಲಿನ ಅಡಿಕೆ ತೋಟಗಳಲ್ಲಿ ಈ ಪ್ರಶ್ನೆ ಪ್ರತಿ ಮಳೆಗಾಲದ ಮುನ್ನ ತಲೆಯೆತ್ತಬಲ್ಲದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕುರಿತ ತಮ್ಮ ವರದಿಯನ್ನು ಪ್ರಕಟಿಸಿದ್ದು 1910ರಲ್ಲಿ. ಅಂದಿನಿಂದ ಮದ್ದು ಹೆಚ್ಚೇನೂ ಬದಲಾಗಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬದಲಾದುದು ಅದನ್ನು ಗೊನೆಗೆ ಮುಟ್ಟಿಸುವ ಬಗೆ. ಐವತ್ತು ಅರವತ್ತು ಅಡಿ ಎತ್ತರದ ಮರಕ್ಕೆ ಕಾಲಿಗೆ ತಳೆ ಹಾಕಿಕೊಂಡು ಏರುವವರು ವಿರಳರಾದಂತೆ, ನೆಲದಲ್ಲಿಯೇ ನಿಂತು ಕೊಯ್ಯಲೂ ಮದ್ದು ಬಿಡಲೂ ಅನುಕೂಲವಾದ ಕಾರ್ಬನ್ ಫೈಬರ್ ದೋಟಿಗಳು ಬಂದವು. ಅವುಗಳ ಬೆಲೆ ಹತ್ತಾರು ಸಾವಿರ ರೂಪಾಯಿ.

ಇಂತಹ ದೋಟಿಯೊಂದನ್ನು ಕೆಲವು ವರ್ಷಗಳ ಹಿಂದೆ ಕೊಂಡ ಕೃಷಿಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ದೋಟಿಯ ಬಣ್ಣ ಮಾಸಿದೆ, ಒಂದೆರಡು ಹಿಡಿಗಳು ಸಡಿಲವಾಗಿವೆ; ಆದರೂ ಗೊನೆ ಮುಟ್ಟುತ್ತದೆ. ನೆರೆಯ ತೋಟಕ್ಕೆ ಅದಕ್ಕಿಂತ ಹಗುರವೂ ಉದ್ದವೂ ಆದ ಹೊಸದೊಂದು ಬಂದಿದೆ. ಅಂದಿನಿಂದ ತನ್ನ ದೋಟಿ ಅವನಿಗೆ ಭಾರವಾಗಿ ತೋರತೊಡಗಿದೆ.

ಇಲ್ಲಿ ಮೊದಲು ವಿಚಾರಿಸತಕ್ಕದ್ದು ಆ ಭಾರ ಎಲ್ಲಿಂದ ಬಂತು ಎಂಬುದನ್ನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಪರರ ಸಂಪತ್ತು ಲಾಭಗಳನ್ನು ಕಂಡು ಬೆರಗಾಗುವುದನ್ನೂ ಲೋಭದಿಂದ ಪ್ರತ್ಯೇಕವಾದ ಒಂದು ದೋಷವೆಂದು ಗಣಿಸಿರುವುದು ಮನನೀಯವಾಗಿದೆ. ನಿನ್ನೆಯವರೆಗೆ ಹಗುರವಾಗಿದ್ದ ದೋಟಿ ಇಂದು ಭಾರವಾಗಿದ್ದರೆ, ತೂಕ ಹೆಚ್ಚಿದ್ದು ದೋಟಿಯಲ್ಲಲ್ಲ, ಮನಸ್ಸಿನಲ್ಲಿ.

ಎರಡನೆಯದು ಭೋಗ ಉಪಭೋಗಗಳ ಭೇದ. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಹತ್ತು ವರ್ಷ ಬಾಳುವುದನ್ನು ಮೂರೇ ವರ್ಷಕ್ಕೆ ತೊರೆಯುವವನು ಉಪಭೋಗವನ್ನು ಭೋಗವಾಗಿ ಮಾರ್ಪಡಿಸುತ್ತಾನೆ. ಬಿದಿರಿನ ಗಳು ಮುರಿದರೆ ಮಣ್ಣಿಗೆ ಮಣ್ಣಾಗುತ್ತದೆ. ಕೃತಕ ನೂಲನ್ನು ಗಾಳಿಯ ಸೋಂಕಿಲ್ಲದ ಕುಲುಮೆಯಲ್ಲಿ ಕಾಯಿಸಿ, ರಾಳದಲ್ಲಿ ಬಂಧಿಸಿ ಮಾಡಿದ ಈ ದೋಟಿ ಮಣ್ಣಾಗುವುದಿಲ್ಲ. ನೂಲನ್ನೂ ರಾಳವನ್ನೂ ಬೇರ್ಪಡಿಸುವುದೂ ಸುಲಭಸಾಧ್ಯವಲ್ಲ. ತ್ಯಜಿಸಿದುದು ಎಲ್ಲಿಯೋ ಒಂದೆಡೆ ಉಳಿದೇ ಇರುತ್ತದೆ.

ಇಷ್ಟರಿಂದ ಹಳೆಯದನ್ನೇ ಹಿಡಿದುಕೊಂಡಿರುವುದು ಧರ್ಮವೆಂಬ ನಿರ್ಣಯಕ್ಕೆ ಬಂದರೆ ಅದು ಇನ್ನೊಂದು ಪ್ರಮಾದ. ದೋಟಿಯನ್ನು ಕೊಳ್ಳುವವನು ಒಬ್ಬ. ಹಿಡಿಯುವವನು ಅನೇಕ ವೇಳೆ ಇನ್ನೊಬ್ಬ. ಮದ್ದು ತುಂಬಿದ ಕೊಳವೆಯ ಭಾರವನ್ನೂ ಸೇರಿಸಿ, ಕತ್ತು ಮೇಲೆತ್ತಿ, ದಿನವಿಡೀ ಅದನ್ನು ನೇರವಾಗಿ ನಿಲ್ಲಿಸುವ ಕಷ್ಟ ಕೂಲಿಯವನ ಭುಜಕ್ಕೆ ಗೊತ್ತು. ಜಗಲಿಯಲ್ಲಿ ಕುಳಿತವನ ಸಂಯಮಕ್ಕೆ ಗೊತ್ತಿಲ್ಲ. ಅತಿವಾಹನ, ಅತಿಭಾರವಾಹನಗಳೆಂಬ ದೋಷಗಳು ಎತ್ತುಗಳಿಗೆ ಮಾತ್ರ ಅನ್ವಯಿಸುವುವೆಂದು ತಿಳಿಯಲಾಗದು. ಪರರ ಮೈಯನ್ನು ಸವೆಸಿ ತನ್ನ ಪರಿಗ್ರಹವನ್ನು ಕಡಿಮೆ ಮಾಡಿಕೊಳ್ಳುವುದು ವ್ರತವಲ್ಲ. ಅದು ಜಿಪುಣತನಕ್ಕೆ ಹೊದಿಸಿದ ಪವಿತ್ರ ವಸ್ತ್ರ. ಆದುದರಿಂದ ದೋಟಿ ಭಾರವೋ ಅಲ್ಲವೋ ಎಂಬುದನ್ನು ಹೇಳುವ ಅಧಿಕಾರ ಅದನ್ನು ಹಿಡಿಯುವವನದು. ಅವನನ್ನು ಕೇಳದೆ ಮಾಡಿದ ನಿರ್ಧಾರ, ಕೊಳ್ಳುವುದೇ ಆಗಲಿ ಕೊಳ್ಳದಿರುವುದೇ ಆಗಲಿ, ಅಪೂರ್ಣವಾದುದು.

ಅಪಾಯದ ಪ್ರಶ್ನೆಯಂತೂ ಮುಂದೂಡತಕ್ಕದ್ದಲ್ಲ. ಕೊಳವೆ ಸೀಳಿದ್ದರೆ, ಜೋಡಣೆ ಜಾರುತ್ತಿದ್ದರೆ, ಆ ದೋಟಿಯನ್ನು ಅಂದೇ ಬದಿಗಿಡಬೇಕು. ಆದರೆ ಹೊಸದು ತಂದ ಮಾತ್ರಕ್ಕೆ ಅಭಯವೂ ಇಲ್ಲ. ಕಾರ್ಬನ್ ಫೈಬರ್ ವಿದ್ಯುದ್ವಾಹಕ. ಉದ್ದ ಹೆಚ್ಚಿದಷ್ಟೂ ಅದು ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ಸಮೀಪವಾಗುತ್ತದೆ. ಅಲ್ಲಿ ಕಾಯುವುದು ಎಚ್ಚರವೇ ಹೊರತು ಹೊಸತನವಲ್ಲ.

ಅಪಾಯವಿಲ್ಲದೆ, ಹಿಡಿಯುವವನ ದೂರೂ ಇಲ್ಲದೆ, ಕೇವಲ ಅಪೇಕ್ಷೆಯೊಂದೇ ಉಳಿದಾಗ ಮಾಡತಕ್ಕದ್ದೇನು? ಉಪವಾಸವನ್ನು ಬಲ್ಲವರಿಗೆ ಇದರ ಉತ್ತರ ಅಪರಿಚಿತವಲ್ಲ. ಹೊತ್ತಿಗೆ ಸರಿಯಾಗಿ ಏಳುವ ಹಸಿವು ಶರೀರದ್ದೋ ಅಭ್ಯಾಸದ್ದೋ ಎಂಬುದು ಉಣ್ಣುತ್ತಿರುವವರೆಗೆ ತಿಳಿಯುವುದಿಲ್ಲ. ಒಂದು ದಿನ ಬಿಟ್ಟಾಗ ತಿಳಿಯುತ್ತದೆ. ಅಂತೆಯೇ ಈ ಅಪೇಕ್ಷೆಗೂ ಒಂದು ಅವಧಿಯನ್ನು ಗೊತ್ತುಮಾಡಬಹುದು. ಮಳೆಗೆ ಮುನ್ನ ಬಿಡುವ ಮೊದಲ ಮದ್ದಿಗೂ ಎರಡನೆಯದಕ್ಕೂ ನಡುವೆ 40ರಿಂದ 45 ದಿನಗಳಿರುತ್ತವೆ. ಸಡಿಲವಾದ ಹಿಡಿಗಳನ್ನು ಬದಲಿಸಿ, ಅಷ್ಟು ದಿನ ಕೊಳ್ಳುವ ಮಾತನ್ನು ಬಿಡುವುದು. ಆವಶ್ಯಕತೆಯಾಗಿದ್ದರೆ ಅದು ಎರಡನೆಯ ಮದ್ದಿನ ದಿನ ಮತ್ತೆ ಎದುರಾಗುತ್ತದೆ. ಬೆರಗು ಮಾತ್ರವಾಗಿದ್ದರೆ ಆಷಾಢದ ಮಳೆಯಲ್ಲಿ ತೊಳೆದುಹೋಗುತ್ತದೆ.

ಕೊಂಡ ಮೇಲೂ ಒಂದು ಕರ್ತವ್ಯವಿದೆ. ಸುಸ್ಥಿತಿಯಲ್ಲಿರುವ ಹಳೆಯ ದೋಟಿ ಅಟ್ಟವನ್ನು ಸೇರಿದರೆ ಒಂದು ಎರಡಾಯಿತು. ಬದಲಾವಣೆಯ ಹೆಸರಿನಲ್ಲಿ ಸಂಗ್ರಹ ಬೆಳೆಯಿತು. ಮರಗಳಿನ್ನೂ ಗಿಡ್ಡವಾಗಿರುವ ತೋಟದ ಸಣ್ಣ ಹಿಡುವಳಿದಾರನ ಕೈಗೆ ಅದು ಹೋದರೆ ಅದರ ಆಯುಷ್ಯ ಮುಂದುವರಿಯಿತು.

ಮೂರ್ಛೆಯನ್ನೇ, ಎಂದರೆ ಮಮತ್ವವನ್ನೇ, ಪರಿಗ್ರಹವೆಂದು ಉಮಾಸ್ವಾತಿಗಳು ನಿರೂಪಿಸಿದ್ದಾರೆ. ಹೊಸದರ ಮೇಲಿನ ಮಮತ್ವವೂ ಮೂರ್ಛೆಯೇ, ಹಳೆಯದನ್ನು ಬಿಡಲಾರದ ಮಮತ್ವವೂ ಮೂರ್ಛೆಯೇ. ಇವೆರಡರ ನಡುವೆ ದಾರಿ ತೋರುವುದು ಬೆಲೆಯಲ್ಲ, ವಯಸ್ಸೂ ಅಲ್ಲ; ದಿನದ ಕೊನೆಗೆ ದೋಟಿಯನ್ನು ಕೆಳಗಿಳಿಸಿ ಭುಜವನ್ನು ನೀವಿಕೊಳ್ಳುವವನ ಮುಖ.