ಆಳು, ಮಗ, ತಾನು

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ. ಬೇಸಾಯದ ಮನೆಗಳ ಈ ಗಾದೆಯನ್ನು ಹೆಚ್ಚಿನವರು ಆಳಿನ ಮೇಲಿನ ದೂರೆಂದೇ ತಿಳಿಯುತ್ತಾರೆ. ಹಾಗೆ ತಿಳಿದರೆ ಅದು ಅನ್ಯಾಯದ ಮಾತು. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ದಾಟುತ್ತಾ ಕೊನೆ ಇಳಿಸುವ ಕೊನೆಗಾರನ ಕಸುಬು ಎಷ್ಟು ಮಂದಿ ಯಜಮಾನರಿಗೆ ಬಂದೀತು? ಅವನೇ ಒಂದು ತೋಟದಲ್ಲಿ ಒಪ್ಪವಾಗಿ ಕೆಲಸ ಮಾಡಿ ಪಕ್ಕದ ತೋಟದಲ್ಲಿ ಅರೆಬರೆ ಮುಗಿಸಿದರೆ, ಕೆಲಸ ಹೇಳಿದವನಿಗೆ ಏನು ಗೊತ್ತಿತ್ತು ಎಂದು ಮೊದಲು ಕೇಳಬೇಕು. ಕೆಲಸ ಗೊತ್ತಿಲ್ಲದವನಿಗೆ ಮಾಡಿಸುವುದೂ ಬರುವುದಿಲ್ಲ. ಗಾದೆ ಹೇಳುವ ಹಾಳು ಶುರುವಾಗುವುದು ಅಲ್ಲಿಂದ.

ನಗರದ ನೌಕರಿ ಬಿಟ್ಟು ಹಳ್ಳಿಗೆ ಬಂದು ನೆಲೆಸುವವರಿಗೆ ಈ ಮಾತು ಈಗ ಹೆಚ್ಚು ಬೇಕು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಪಹಣಿಯಲ್ಲಿ ಹೆಸರು ಬರಲು ದುಡ್ಡು ಸಾಕು, ಅಡಿಕೆಗೆ ಬರುವ ಕೊಳೆರೋಗ ತಡೆಯಲು ಸಾಲದು. ಮುಂಗಾರು ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು, 40-45 ದಿನಕ್ಕೆ ಇನ್ನೊಮ್ಮೆ. 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಆಮೇಲೆ ಹೊಳೆಯುವ ಕಬ್ಬಿಣದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ದ್ರಾವಣ ಇನ್ನೂ ಹುಳಿಯಾಗಿದೆ, ಹಾಗೇ ಹೊಡೆದರೆ ಎಳೆಕಾಯಿ ಸುಡಬಹುದು; ಇನ್ನಷ್ಟು ಸುಣ್ಣ ಬೇಕು. ಕೆಂಪು ಕೂರದಿದ್ದರೆ ಸರಿ. ಹೊಸದಾಗಿ ಬಂದವರು ಹಂಬಲಿಸುವ ಆತ್ಮವಿಶ್ವಾಸ ಹುಟ್ಟುವುದು ಇಂಥ ಕಡೆ. ಸರಿಯೋ ತಪ್ಪೋ ಎಂದು ಯಾರನ್ನೂ ಕೇಳದೆ ತಾನೇ ಪರೀಕ್ಷಿಸಬಲ್ಲೆ ಎನ್ನುವ ಧೈರ್ಯ ಅದು. ಎದೆಗಾರಿಕೆ ಮೊದಲು ಬರಲಿ, ಕೆಲಸ ಆಮೇಲೆ ಕಲಿಯೋಣ ಎಂದು ಕಾದು ಕೂತವರಿಗೆ ಎರಡೂ ಬರುವುದಿಲ್ಲ.

ಬೇಸಾಯ ರಕ್ತದಲ್ಲಿ ಬರಬೇಕು, ಪೇಟೆಯವರಿಗೆ ಒಲಿಯದು ಎನ್ನುವವರಿದ್ದಾರೆ. ಅವರಿಗೆ ಗಾದೆಯ ನಡುವಿನ ತುಂಡೇ ಉತ್ತರ. ಮಗನೆಂದ ಮಾತ್ರಕ್ಕೆ ಅದು ಉತ್ತಮ ಎನ್ನಲಿಲ್ಲ, ಮಧ್ಯಮ ಎಂದಿತು. ಹುಟ್ಟಿನಿಂದ ಜಮೀನು ಬರುತ್ತದೆ, ಕೈಗುಣ ಬರುವುದಿಲ್ಲ. ಇದೇ ಕೊಳೆರೋಗವನ್ನು ಮೈಸೂರು ಸೀಮೆಯಲ್ಲಿ ವೈಜ್ಞಾನಿಕವಾಗಿ ಅಭ್ಯಸಿಸಿ ಬೋರ್ಡೋ ಸಿಂಪಡಣೆಯ ದಾರಿ ತೋರಿದ ಲೆಸ್ಲಿ ಕೋಲ್ಮನ್ 1908ರಲ್ಲಿ ಕೆನಡಾದಿಂದ ಬಂದವರು. ಅಡಿಕೆ ನಾಡಿಗೆ ಅವರಷ್ಟು ಹೊರಗಿನವರು ಇನ್ನಾರಿದ್ದರು? ಆಗ ಮಲೆನಾಡಿನ ರೈತರು ಮಳೆಗೆ ಮೊದಲು ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಬೆಳೆ ಉಳಿಸಿಕೊಳ್ಳುತ್ತಿದ್ದರು. ಹೊಸ ಔಷಧಿ ಅವರಿಗೂ ಹೊಸ ಪಾಠವೇ ಆಗಿತ್ತು.

ಎಲ್ಲವನ್ನೂ ತಾನೇ ಮಾಡಲಾದೀತೇ ಎನ್ನುವ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಆಗುವುದಿಲ್ಲ. ನಲವತ್ತು ದಾಟಿದ ಮೇಲೆ ಹುಮ್ಮಸ್ಸಿಗೆ ಅಡಿಕೆ ಮರ ಹತ್ತಲು ಹೊರಡುವುದು ಅಪಾಯ. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದನ್ನೂ ಬಲ್ಲವರ ಜೊತೆ ನಿಂತೇ ಕಲಿಯಬೇಕು. ಯೂಟ್ಯೂಬ್ ಇದೆಯಲ್ಲ ಎಂದರೆ, ಇದೆ. ಅಳತೆ, ವಿಧಾನ ಅಲ್ಲಿ ಸಿಗುತ್ತದೆ. ಆದರೆ ನಿಮ್ಮ ಪೇಟೆಯಲ್ಲಿ ತಂದ ಸುಣ್ಣದ ಕಸುವು ಎಷ್ಟೆಂದು ಆ ವಿಡಿಯೋ ಮಾಡಿದವರಿಗೆ ಗೊತ್ತಿಲ್ಲ, ನಿಮ್ಮ ಕತ್ತಿಯೇ ಹೇಳಬೇಕು. ಉಳಿದ ಕೆಲಸಗಳನ್ನು ಆಳಿಗೆ ಬಿಟ್ಟರೂ, ಒಂದೊಂದನ್ನೂ ಒಂದು ಸಲವಾದರೂ ಮೊದಲಿಂದ ಕೊನೆಯವರೆಗೆ ಕೈಯಾರೆ ಮಾಡಿದವನು ಕೂಲಿ ಎಷ್ಟು ನ್ಯಾಯ, ದಿನ ಎಷ್ಟು ಬೇಕು, ಎಲ್ಲಿ ಅವಸರ ಕೂಡದು ಎಂಬುದನ್ನು ಬಲ್ಲ. ಅಂಥವನ ತೋಟದಲ್ಲಿ ಆಳಿನ ಕೆಲಸವೂ ಹಾಳಾಗದು, ಆಳಿನ ಮರ್ಯಾದೆಯೂ ಉಳಿಯುತ್ತದೆ.

ಹೊಸದಾಗಿ ತೋಟ ಕೊಂಡವರಲ್ಲಿ ಒಂದು ಕೋರಿಕೆ. ಈ ಸಲ ಮಳೆಗೆ ಮೊದಲು ಮೊದಲ ಡ್ರಮ್ಮಿನ ದ್ರಾವಣವನ್ನು ನೀವೇ ಕಲಕಿ. ವರ್ಷಗಳಿಂದ ಆ ಕೆಲಸ ಮಾಡಿದವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ ಕಲಿಯಿರಿ, ಕಲಿಸಿದ್ದಕ್ಕೆ ಆ ದಿನದ ಪೂರ್ತಿ ಕೂಲಿ ಕೊಡಿ.